ಬೇಡಿಕೆಯ ಮಾರ್ಗ, ನೇಗಿಲಿನ ಮಾರ್ಗ



ಅನ್ಯಾಯವನ್ನು ಎದುರಿಸಬೇಕೆಂಬ ಬುದ್ಧಿಯು ಎಲ್ಲ ಜನಾಂಗಗಳಿಗೂ ಸಮಾನವಾದುದು. ಎದುರಿಸುವ ರೀತಿಯಾದರೋ ಆಯಾ ಜನರ ಬಾಳುವೆಯಿಂದ ಹುಟ್ಟತಕ್ಕದ್ದು. ಪಾಶ್ಚಾತ್ಯರ ರಾಜಕೀಯ ಚಳುವಳಿಯು ಪ್ರಾಯಶಃ ಸರಕಾರದ ಮುಂದಿಡುವ ಬೇಡಿಕೆಯ ರೂಪದ್ದು. ಏಕಾಭಿಪ್ರಾಯವುಳ್ಳವರು ಸಂಘ ಕಟ್ಟುವರು, ಸಭೆ ನೆರೆಸುವರು, ಸಹಿ ಕೂಡಿಸುವರು. 1842ರಲ್ಲಿ ಇಂಗ್ಲೆಂಡಿನ ಚಾರ್ಟಿಸ್ಟರು ಮತದಾನದ ಹಕ್ಕಿಗಾಗಿ ಪಾರ್ಲಿಮೆಂಟಿಗೆ ಒಪ್ಪಿಸಿದ ಅರ್ಜಿಯಲ್ಲಿ 33 ಲಕ್ಷಕ್ಕೂ ಮಿಕ್ಕ ಸಹಿಗಳಿದ್ದುವು. ಅರ್ಜಿಯು ತಿರಸ್ಕೃತವಾಯಿತು, ಮಾರ್ಗವು ಮಾತ್ರ ನಿಂತಿತು.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳು ಈ ಮಾರ್ಗವನ್ನು ಅರಿಯದವರಲ್ಲ. 1867ರಿಂದಲೇ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಅವರಿಗೆ ನಾಲ್ಕು ಸ್ಥಾನಗಳಿದ್ದುವು. ಆದರೂ ತಾರಾನಾಕಿ ಪ್ರಾಂತದ ಪಾರಿಹಾಕಾ ಗ್ರಾಮದವರು ಬೇರೊಂದು ಹಾದಿಯನ್ನು ಹಿಡಿದರು. ಸರಕಾರವು 1865ರಲ್ಲಿ ಮುಟ್ಟುಗೋಲು ಹಾಕಿದ್ದ ಅವರ ಭೂಮಿಯನ್ನು ಬಿಳಿಯರಿಗೆ ಮಾರುವುದಕ್ಕಾಗಿ 1879ರಲ್ಲಿ ಅಳತೆಗಾರರು ಬಂದರು. ಆಗ ಗ್ರಾಮದ ಹಿರಿಯರಾದ ತೆ ವಿಟಿ ಮತ್ತು ತೋಹು ಎಂಬವರು ಆಯುಧವನ್ನು ನಿಷೇಧಿಸಿ, ಬಿಳಿಯರ ವಶದಲ್ಲಿದ್ದ ಹೊಲಗಳನ್ನು ಉಳುವುದಕ್ಕೆ ತಮ್ಮವರನ್ನು ಕಳುಹಿಸಿದರು. ಬೇಡುವವನು ಎದುರಿನವನನ್ನು ಒಡೆಯನೆಂದು ಒಪ್ಪಿದಂತಾಯಿತು. ಉಳುವವನು ಹಾಗೆ ಒಪ್ಪುವುದಿಲ್ಲ. ಇದೇ ಆ ನೇಗಿಲಿನ ಅರ್ಥ.

ಒಂದು ತಂಡವು ಸೆರೆಯಾದರೆ ಮತ್ತೊಂದು ನೊಗಕ್ಕೆ ಕೈಯಿಕ್ಕಿತು. ಮರುವರ್ಷ ಸರಕಾರದವರು ರಸ್ತೆಗಾಗಿ ಬೇಲಿಯನ್ನು ಕಿತ್ತಷ್ಟೂ ಇವರು ತಿರುಗಿ ಕಟ್ಟಿದರು. 400ಕ್ಕೂ ಮಿಕ್ಕ ಜನರು ಸೆರೆ ಸೇರಿದರು. ಬಹುಮಂದಿಗೆ ವಿಚಾರಣೆಯೇ ನಡೆಯಲಿಲ್ಲ. 1881ನೆಯ ನವೆಂಬರ್ 5ರಂದು ಸುಮಾರು 1600 ಮಂದಿ ಸಶಸ್ತ್ರರು ಗ್ರಾಮಕ್ಕೆ ನುಗ್ಗಿದಾಗ ಇದಿರಾದವರು ಹಾಡುತ್ತ ಕುಳಿತ ಮಕ್ಕಳು. ಬಂದವರಿಗಾಗಿ ರೊಟ್ಟಿ ಸಿದ್ಧವಾಗಿತ್ತು. ಬಂದವನು ವೈರಿಯಾದರೂ ಅತಿಥಿಯೇ ಎಂಬ ಧರ್ಮವನ್ನು ಅವರು ಆ ದಿನವೂ ಬಿಡಲಿಲ್ಲ. ಆಗ ಹಿಂದುಸ್ಥಾನದಲ್ಲಿ ಗಾಂಧಿಯವರು ಇನ್ನೂ 12 ವರ್ಷದ ಬಾಲಕರು.

ಭೇದವಿರುವುದು ಇಲ್ಲಿ. ಅಲ್ಲಿ ಹೋರಾಡುವವನು ಒಮ್ಮತದಿಂದ ಕೂಡಿದ ವ್ಯಕ್ತಿ. ಇಲ್ಲಿ ಹೋರಾಡುವುದು ಶಿಶುವೃದ್ಧರನ್ನೊಳಗೊಂಡ ಕುಲ. ಅಲ್ಲಿ ಚಳುವಳಿಯು ಬಾಳಿನಿಂದ ಬೇರೆಯಾದೊಂದು ಕಾರ್ಯ. ಇಲ್ಲಿ ಉಳುವುದು, ಉಣಿಸುವುದು, ಹಾಡುವುದೇ ಚಳುವಳಿ.

ಆ ಮಾರ್ಗಕ್ಕೆ ತಕ್ಷಣವೇ ಜಯ ದೊರೆಯಿತೆಂದು ಹೇಳಿದರೆ ಅಸತ್ಯವಾದೀತು. ಮನೆಗಳನ್ನು ಕೆಡವಲಾಯಿತು, ಜನರನ್ನು ಚದುರಿಸಲಾಯಿತು. ಹಿರಿಯರಿಬ್ಬರೂ 1883ರ ವರೆಗೆ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಮುಂದೆ 1975ರಲ್ಲಿ ಸ್ಥಾಪಿತವಾದ ವೈಟಾಂಗಿ ನ್ಯಾಯಮಂಡಳಿಯು ದಾಖಲೆಗಳನ್ನೂ ಸಾಕ್ಷ್ಯಗಳನ್ನೂ ಶೋಧಿಸಿ, 1996ರಲ್ಲಿ ತಾರಾನಾಕಿಯ ಅನ್ಯಾಯವನ್ನು ಪ್ರಕಟಪಡಿಸಿತು. 2017ರಲ್ಲಿ ಸರಕಾರದವರು ಪಾರಿಹಾಕಾಕ್ಕೆ ಹೋಗಿ ಕ್ಷಮೆ ಬೇಡಿದರು. ಜನರು ನೆನಪನ್ನು ಕಾಯದಿದ್ದರೆ ಬರಹಕ್ಕೆ ವಿಷಯವಿರುತ್ತಿರಲಿಲ್ಲ. ಬರಹದ ಸಾಕ್ಷಿಯಿಲ್ಲದಿದ್ದರೆ ನೆನಪಿಗೆ ನ್ಯಾಯಪೀಠ ದೊರೆಯುತ್ತಿರಲಿಲ್ಲ.

ಆದುದರಿಂದ ಇಂಥ ಜನರಿಗೆ ನೆರವಾಗಲು ಹೊರಗಿನಿಂದ ಬರುವವನು, ಎಷ್ಟೇ ಸದುದ್ದೇಶವುಳ್ಳವನಾಗಿರಲಿ, ಸಹಿಗಳ ಲೆಕ್ಕವನ್ನೂ ಭಾಷಣದ ಅವಸರವನ್ನೂ ಹೊಸ್ತಿಲಾಚೆ ಇಟ್ಟು, ಮೊದಲು ಅಲ್ಲಿಯ ಹಿರಿಯರ ಬಳಿ ಕುಳಿತು ಕೇಳತಕ್ಕದ್ದು. ನೇಗಿಲನ್ನು ಹಿಡಿದವರಿಗೆ ಸಾಲಿನ ದಿಕ್ಕು ತಿಳಿದಿರುತ್ತದೆ. ನೆರವಿಗೆ ಬಂದವನು ಎತ್ತಿನ ಹಗ್ಗವನ್ನು ಕಸಿದುಕೊಳ್ಳಬಾರದು.