ಹಲಗೆಯ ನೆಲವೂ ಬೆಕ್ಕಿನ ಕಲೆಯೂ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕೂಟದಲ್ಲಿ ಇದೇ ಸ್ಥಳದಲ್ಲಿ ಕುಮಾರವ್ಯಾಸನ ವಿಷಯ ಕೇಳಿದಿರಿ. ಇಂದು ನಾನು ಹೇಳಹೊರಟದ್ದು ಬೆಕ್ಕಿನ ಮೂತ್ರದ ವಿಷಯ. ನಗುವವರು ನಗಲಿ, ಮುಂಬಯಿಯ ಚಾಳಿನಲ್ಲಿ ಹಲಗೆಯ ನೆಲದ ಮೇಲೆ ಸಂಸಾರ ಹೂಡಿದವರು ಮಾತ್ರ ನಗಲಾರರು.

ಗಿರಗಾಂವ್, ಕಾಳಬಾದೇವಿ ಕಡೆಯ ಹಳೆಯ ಚಾಳುಗಳಲ್ಲಿ ಮರದ ತೊಲೆಯ ಮೇಲೆ ಹಲಗೆ ಹಾಸಿದ ಮಹಡಿಗಳು ಇಂದಿಗೂ ಇವೆ. ಅಲ್ಲಿ ನಮ್ಮ ನೆಲವೇ ಕೆಳಗಿನವರ ಸೂರು. ನಾವು ಮಾಡಿದ ತಪ್ಪು ನಮ್ಮ ಖೋಲಿಯಲ್ಲೇ ಉಳಿಯುವುದಿಲ್ಲ.

ನನ್ನ ಮಗಳು ಮಳೆಯಲ್ಲಿ ನೆನೆಯುತ್ತಿದ್ದ ಮರಿಯೊಂದನ್ನು ತಂದು ಸಾಕಿದಳು. ಅದು ಮಂಚದ ಕೆಳಗಿನ ಮೂಲೆಯನ್ನು ಗೊತ್ತು ಮಾಡಿಕೊಂಡಿತು. ಒಂದು ಸಂಜೆ ಕಚೇರಿಯಿಂದ ಬಂದವನೇ ಸಿಟ್ಟಿನಲ್ಲಿ ಒಂದು ಬಕೀಟು ನೀರಿಗೆ ಫಿನಾಯಿಲ್ ಬೆರೆಸಿ ಸುರಿದೆ. ಸಂದಿನಿಂದ ಇಳಿದ ನೀರು ಕೆಳಗಿನ ಮನೆಯ ಕಾಕು ನಾದುತ್ತಿದ್ದ ಹಿಟ್ಟಿನೊಳಗೆ ತೊಟ್ಟಿಕ್ಕಿತು. ಇಪ್ಪತ್ತು ವರ್ಷದ ನೆರೆಹೊರೆಯ ಮಾತು ಅಂದೇ ನಿಂತಿತು. ಬೆಕ್ಕನ್ನು ದೂರ ಬಿಟ್ಟುಬರುವೆನೆಂದೆ. ಮಗಳು ಊಟ ಬಿಟ್ಟಳು. ಆಗ ನೆಲ ನೋಡಲು ಬಂದ ಮುದಿ ಬಡಗಿ ಅಂದದ್ದು ಇಷ್ಟು: "ತಪ್ಪು ಬೆಕ್ಕಿನದಲ್ಲ ಸಾಹೇಬರೇ, ಬಕೀಟಿನದು."

ಅವರ ಮಾತು ನಿಜ. ಮೂತ್ರದಲ್ಲಿರುವ ಯೂರಿಯವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯ ಮಾಡುತ್ತವೆ. ಮೂಗಿಗೆ ಹೊಡೆಯುವುದು ಅದೇ. ಅಮೋನಿಯವು ಮರದೊಳಗಿನ ಒಗರಿನೊಡನೆ ಸೇರಿ ಹಲಗೆಯನ್ನು ಕಪ್ಪಾಗಿಸುತ್ತದೆ. ಕಬ್ಬಿಣದ ಮೊಳೆಯಿದ್ದ ಕಡೆ ಕಪ್ಪು ಮತ್ತಷ್ಟು ಹೆಚ್ಚು. ಯೂರಿಕ್ ಆಮ್ಲವಂತೂ ನೀರಿಗೆ ಸುಲಭವಾಗಿ ಕರಗದೆ ಹರಳಾಗಿ ಉಳಿದು, ಮಳೆಗಾಲದ ತೇವಕ್ಕೆ ಮತ್ತೆ ನಾರುತ್ತದೆ. ನೀರು ಸುರಿದಷ್ಟೂ ನಾವು ಇದನ್ನೆಲ್ಲ ಮರದ ಆಳಕ್ಕೆ ಇಳಿಸುತ್ತೇವೆ.

ಆದುದರಿಂದ ಹಸಿಯಿರುವಾಗಲೇ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿರಿ, ಉಜ್ಜಬೇಡಿರಿ. ಬಳಿಕ ವಿನಿಗರ್‌ಗೆ ಸಮಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿರಿ. ವಾಸನೆ ಉಳಿದರೆ ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ಕಿಣ್ವದ ದ್ರಾವಣ ಸಿಗುತ್ತದೆ. ಯೂರಿಕ್ ಆಮ್ಲವನ್ನು ಒಡೆಯಲು ಅದೇ ಬೇಕು.

ಕಲೆ ಕಪ್ಪಾಗಿದ್ದರೆ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಔಷಧಿ ಅಂಗಡಿಯವರು ಶೇಕಡ 6ರದು ಕೊಟ್ಟರೆ ಸಮಪಾಲು ನೀರು ಸೇರಿಸಿರಿ. ಮೊದಲು ಮರೆಯ ಮೂಲೆಯಲ್ಲಿ ಪರೀಕ್ಷಿಸಿರಿ, ಮರದ ಬಣ್ಣವೂ ಇಳಿದೀತು. ಕೈಚೀಲ ತೊಟ್ಟು, ಬಟ್ಟೆಯನ್ನು ಅದರಲ್ಲಿ ತೋಯಿಸಿ ಕಲೆಯ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಡಿರಿ. ಪೂರ್ತಿ ಒಣಗಿದ ಮೇಲೆ ಮರದ ನಾರಿನ ಗುಂಟ ಉಪ್ಪುಕಾಗದ ಆಡಿಸಿ ಪಾಲಿಷ್ ಕೊಡಿರಿ. ಮೊಳೆಯ ಸುತ್ತಿನ ಕಪ್ಪಿಗೆ ಬಡಗಿಗಳು ಆಕ್ಸಾಲಿಕ್ ಆಮ್ಲ ಬಳಸುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ನಾವು ಕೈಹಾಕುವುದು ಬೇಡ. ಇಷ್ಟಕ್ಕೂ ಹೋಗದ ಕಲೆಗೆ ಆ ಹಲಗೆಯನ್ನೇ ಬದಲಿಸಬೇಕು.

ಮೂರು ಎಚ್ಚರಿಕೆ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಡಿರಿ. ಕಿಟಕಿ ಒಂದೇ ಇರುವ ಖೋಲಿಯಲ್ಲಿ ವಿಷವಾಯು ಎದ್ದೀತು. ವಿನಿಗರ್, ಪೆರಾಕ್ಸೈಡ್‌ಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಬೇಡಿರಿ. ಫಿನಾಯಿಲ್ ಬೇಡವೇ ಬೇಡ. ಬೆಕ್ಕು ಅದನ್ನು ತುಳಿದ ಕಾಲನ್ನೇ ನೆಕ್ಕುತ್ತದೆ, ಅದಕ್ಕೆ ಅದು ವಿಷ.

ಇನ್ನೊಂದು ಮಾತು. ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ಮೂತ್ರ ಬಾರದೆ ಒದ್ದಾಡಿದರೆ ಬೈಯಬೇಡಿರಿ. ಮೂತ್ರನಾಳ ಕಟ್ಟಿದ್ದೀತು, ತಡಮಾಡಿದರೆ ಜೀವ ಹೋಗುತ್ತದೆ. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ.

ನಮ್ಮ ಬೆಕ್ಕಿಗೆ ಈಗ ಅಗಲ ತಟ್ಟೆಯಲ್ಲಿ ಮರಳು ಇಟ್ಟಿದ್ದೇವೆ. ಮಗಳು ದಿನವೂ ತೆಗೆದು ಸ್ವಚ್ಛ ಮಾಡುತ್ತಾಳೆ. ಕಾಕುವಿನ ಸೂರಿಗೆ ನಾನೇ ಬಣ್ಣ ಹೊಡೆಸಿಕೊಟ್ಟೆ. ಅವರು ಮೊದಲು ಬೆಕ್ಕನ್ನು ಮಾತಾಡಿಸಿದರು, ಆಮೇಲೆ ನನ್ನನ್ನು. ಹಲಗೆಯ ಮೇಲೆ ಕಂದು ಗುರುತೊಂದು ಉಳಿದಿದೆ. ಅದು ಇದ್ದರೆ ಇರಲಿ, ನನಗೆ ಬಕೀಟಿನ ನೆನಪಾಗುತ್ತದೆ.