ಚಿಕಿತ್ಸೆಯಲ್ಲಿರುವ ತಾಯಂದಿರ ಬಳಲಿಕೆ
(ಶತಮಾನೋತ್ಸವದ ಅಂಗವಾಗಿ ನಡೆದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ಕ್ಯಾನ್ಸರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಲ್ಲಿ ಬಲಿಪೀಠಕ್ಕೆ ಹೂವಿಟ್ಟವರು, ಮಕ್ಕಳಿಗೆ ಜಪ ಕಲಿಸಿದವರು, ಹಬ್ಬದ ಅಡುಗೆಗೆ ನಿಂತವರು ಬಹುಪಾಲು ಸ್ತ್ರೀಯರೇ. ಅವರಲ್ಲೊಬ್ಬರು ಕೀಮೋಥೆರಪಿ ಪಡೆಯುವಾಗ ತಲೆಗೂದಲು ಉದುರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಳಲಿಕೆ ಮಾತ್ರ ಯಾರ ಕಣ್ಣಿಗೂ ಬೀಳದು.

ಗದ್ದೆಯಲ್ಲಿ ದುಡಿದವರ ಆಯಾಸ ಒಂದು ರಾತ್ರಿಯ ನಿದ್ದೆಯಿಂದ ಇಳಿಯುತ್ತದೆ. ಈ ಬಳಲಿಕೆ ಹಾಗೆ ಇಳಿಯುವಂಥದಲ್ಲ. ಸ್ನಾನ ಮುಗಿಸಿ ಬಂದವರು ಸೀರೆ ಉಡುವ ಶಕ್ತಿಯಿಲ್ಲದೆ ಮಂಚದ ಅಂಚಿನಲ್ಲಿ ಕುಳಿತುಬಿಡುತ್ತಾರೆ. ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುವ ಔಷಧವು ರೋಗದ ಕೋಶಗಳೊಡನೆ ರಕ್ತ ತಯಾರಾಗುವ ಮೂಳೆಯ ಮಜ್ಜೆಯನ್ನೂ ಬಾಧಿಸುತ್ತದೆ. ಅದಕ್ಕೆ ವಾಂತಿ, ಅರುಚಿ, ನಿದ್ರಾಭಂಗ, ಚಿಂತೆ ಜೊತೆಗೂಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ಅಂದರೆ ಅನೇಕರು ಚಿಕಿತ್ಸೆ ಆರಂಭವಾಗುವ ಮೊದಲೇ ಸೊರಗಿರುತ್ತಾರೆ.

ರೋಗಿಗಳ ಜೀವನದ ಗುಣಮಟ್ಟವನ್ನು ಅಳೆಯಲು ಯುರೋಪಿನಲ್ಲಿ ಸಿದ್ಧವಾಗಿ 1993ರಲ್ಲಿ ಪ್ರಕಟವಾದ 30 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರಲ್ಲಿ ಮೂರು ಪ್ರಶ್ನೆಗಳು ಬಳಲಿಕೆಯ ಕುರಿತೇ ಇವೆ. ಕುಟುಂಬ ಜೀವನಕ್ಕೆ ಅಡ್ಡಿಯಾಯಿತೇ ಎಂದೂ ಅದು ವಿಚಾರಿಸುತ್ತದೆ. ವೈದ್ಯಶಾಸ್ತ್ರ ಇಷ್ಟು ಗಂಭೀರವಾಗಿ ಕೇಳುವುದನ್ನು ನಮ್ಮ ತಾಯಂದಿರು ಹೇಳುವುದೇ ಇಲ್ಲ. ಹೇಳಿದರೆ ಸೋಮಾರಿ ಎಂದಾರು ಎಂಬ ಸಂಕೋಚ! ದಯವಿಟ್ಟು ವೈದ್ಯರಿಗೆ ತಿಳಿಸಿರಿ. ರಕ್ತಹೀನತೆಗೆ, ನೋವಿಗೆ, ನಿದ್ರಾಹೀನತೆಗೆ ಪರಿಹಾರಗಳಿವೆ. ದಿನವಿಡೀ ಮಲಗಿದರೆ ಸ್ನಾಯುಗಳು ಕ್ಷೀಣಿಸಿ ನಿಶ್ಶಕ್ತಿ ಹೆಚ್ಚುತ್ತದೆ. ವೈದ್ಯರು ಒಪ್ಪಿದಲ್ಲಿ ದಿನವೂ ಸ್ವಲ್ಪ ನಡೆಯುವುದರಿಂದ ಬಳಲಿಕೆ ತಗ್ಗುವುದು ಅಧ್ಯಯನಗಳಿಂದ ಖಚಿತವಾಗಿದೆ.

ಆದರೆ ನಡಿಗೆ ಬೇರೆ, ಮನೆಗೆಲಸದ ಹೊರೆ ಬೇರೆ. ಸೀಮೋನನ ಅತ್ತೆ ಜ್ವರ ಬಿಟ್ಟೊಡನೆ ಎದ್ದು ಉಪಚರಿಸಿದಳೆಂದು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಯೇಸುಸ್ವಾಮಿ ಮೊದಲು ಆಕೆಯನ್ನು ಗುಣಪಡಿಸಿದರು; ಉಪಚಾರ ಆಮೇಲಿನದು. ನಮ್ಮ ಮನೆಗಳಲ್ಲಿ ಜ್ವರ ಬಿಡುವ ಮೊದಲೇ ಊಟಕ್ಕೆ ಎಲೆ ಹಾಕಿ ಕುಳಿತಿರುತ್ತೇವೆ. ಇದನ್ನು ಪುರುಷರ ಕಡೆ ನೋಡಿಯೇ ಹೇಳುತ್ತಿದ್ದೇನೆ.

ಭಕ್ತಿಯ ಹೆಸರಿನಲ್ಲಿಯೂ ಕೆಲವರು ದೇಹವನ್ನು ದಂಡಿಸುವುದುಂಟು. ತಪಸ್ಸುಕಾಲದ ಉಪವಾಸ ರೋಗಿಗಳಿಗೆ ಕಡ್ಡಾಯವಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದಲೂ 1983ರ ಧರ್ಮಸಭೆಯ ಕಾನೂನು ರೋಗಿಗಳಿಗೆ ಮಾತ್ರವಲ್ಲ, ಅವರ ಆರೈಕೆ ಮಾಡುವವರಿಗೂ ವಿನಾಯಿತಿ ನೀಡಿದೆ. ಬಲಿಪೂಜೆಯಲ್ಲಿ ಮೊಣಕಾಲೂರಲಾಗದವರು ಕುಳಿತಿರಲಿ. ಪಕ್ಕದವರು ತಿರುಗಿ ನೋಡದಿರಲಿ.

ಗುರುಗಳು ಅಭ್ಯಂಗದ ಎಣ್ಣೆಯೊಡನೆ ಬಂದರೆ ಸಾವು ಸಮೀಪಿಸಿತೆಂದು ಮನೆಯವರು ಹೆದರುವುದು ಇನ್ನೊಂದು ಸಂಗತಿ. ಈ ಸಂಸ್ಕಾರ ಕೊನೆಯುಸಿರಿನಲ್ಲಿರುವವರಿಗೆ ಮಾತ್ರ ಮೀಸಲಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸಾರಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದರು. ಗಂಭೀರ ರೋಗದಲ್ಲಿ ಬಲ ಬೇಡುವ ಪ್ರಾರ್ಥನೆಯದು. ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು.

ಕಡೆಯದಾಗಿ ಮಹಿಳಾ ಸಂಘದವರಲ್ಲಿ ಒಂದು ವಿನಂತಿ. ಔಷಧ ಏರಿಸಿದ ನಂತರದ ದಿನಗಳಲ್ಲಿ ಗುಂಪುಗೂಡಿ ನೋಡಲು ಹೋಗಬೇಡಿರಿ. ರಕ್ತದ ಬಿಳಿಕಣಗಳು ಕಡಿಮೆಯಾಗಿರುವಾಗ ನಮ್ಮ ನೆಗಡಿಯೂ ಅವರಿಗೆ ಅಪಾಯ. ಸರದಿಯಂತೆ ಊಟ ಕಳುಹಿಸಿರಿ. ಒಗ್ಗರಣೆಯ ವಾಸನೆ ಸೇರದಿದ್ದರೆ ಗಂಜಿ, ಮಜ್ಜಿಗೆ ಸಾಕೇ ಎಂದು ಮೊದಲೇ ಕೇಳಿರಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಬೆಳಗಿಗೆ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು. ಆ ಹೊತ್ತಿನಲ್ಲಿ ಯಾವ ಮನೆಯ ವಾಹನ ಹೊರಡುತ್ತದೆ ಎಂಬುದನ್ನು ಇಂದು ಊಟಕ್ಕೆ ಏಳುವ ಮೊದಲೇ ಬರೆದಿಟ್ಟುಕೊಳ್ಳೋಣ.