ಕಾರಿಗೊಂದು ಕಂಪನಿ, ಮನೆಗೊಂದು ಕಂಪನಿ
(ಬೆಳ್ಳಿಹಬ್ಬದ ಸದಸ್ಯರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಮೆಯ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ, ಹಬ್ಬದ ದಿನ ಬೆಂಕಿ, ಅಪಘಾತದ ಮಾತು ಯಾಕಪ್ಪಾ ಅನ್ನಿಸಿತು. ಆದರೂ ಒಪ್ಪಿಕೊಂಡೆ. ನಮ್ಮೂರಲ್ಲಿ ಕಾರಿಗೆ ವಿಮೆ ಇಲ್ಲದವರು ಸಿಗುವುದಿಲ್ಲ, ಮನೆಗೆ ವಿಮೆ ಇರುವವರು ಸಿಗುವುದಿಲ್ಲ. ಕಾರಿನ ಕಾಗದ ಪೊಲೀಸರು ಕೇಳುತ್ತಾರೆ. ಮನೆಯದ್ದನ್ನು ಕೇಳುವವರಾರು?

ದುಡ್ಡೆಲ್ಲಿದೆ ಅನ್ನುತ್ತೀರಿ. ಕಾರಿನ ಪಾಲಿಸಿಯಲ್ಲೇ ಒಂದಿಷ್ಟು ಸೋರುತ್ತಿದೆ ಎಂಬುದು ನನ್ನ ಮಾತು. ಆ ಪಾಲಿಸಿಯಲ್ಲಿ ಎರಡು ಭಾಗ. ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯದ್ದು ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ. ಅದರ ಮೂಲ ದರ ಸರ್ಕಾರವೇ ಗೊತ್ತುಮಾಡಿದ್ದು, ಎಲ್ಲಿ ಹೋದರೂ ಅಷ್ಟೇ. ನಮ್ಮ ಗಾಡಿಯ ಹಾನಿಯದ್ದು ಓನ್ ಡ್ಯಾಮೇಜ್. ಚೌಕಾಶಿ ಏನಿದ್ದರೂ ಇಲ್ಲೇ, ಯಾಕಂದರೆ ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. 2019ರ ಸೆಪ್ಟೆಂಬರಿನಿಂದ ಇದೊಂದನ್ನೇ ಬೇರೆ ಕಂಪನಿಯಲ್ಲಿ ಮಾಡಿಸಲೂ ಅವಕಾಶವಿದೆ. ಹೊಸ ಕಾರಿನವರು 3 ವರ್ಷದ ಥರ್ಡ್ ಪಾರ್ಟಿ ಒಂದೇ ಸಲ ಕಟ್ಟಿರುತ್ತೀರಲ್ಲ, ನಿಮಗೆ ಇದು ಅನುಕೂಲ.

ಕಂಪನಿ ಬದಲಿಸಿದರೆ ನೋ ಕ್ಲೇಮ್ ಬೋನಸ್ ಹೋಯ್ತು ಎಂದು ಹೆದರಿಸುವವರಿದ್ದಾರೆ. ಹೋಗುವುದಿಲ್ಲ. ಸತತ 5 ವರ್ಷ ಕ್ಲೇಮು ಮಾಡದವರಿಗೆ ಓನ್ ಡ್ಯಾಮೇಜಿನಲ್ಲಿ ಸಿಗುವ ಶೇ. 50ರ ರಿಯಾಯಿತಿ ಹೊಸ ಕಂಪನಿಗೂ ನಿಮ್ಮ ಜೊತೆ ಬರುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಹೋಗುತ್ತದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ನಾನೇ ಹಾಗೆ ಕಳೆದುಕೊಂಡವನು. ಆಮೇಲೆ ಏಜೆಂಟರನ್ನು ಬೈದು ಏನು ಪ್ರಯೋಜನ? ಹಳೆಯ ಕ್ಲೇಮನ್ನು ಮಾತ್ರ ಮುಚ್ಚಿಡಬೇಡಿ, ಮುಂದಿನ ಕ್ಲೇಮಿಗೇ ಕುತ್ತು ಬಂದೀತು. ಇನ್ನೊಂದು, ಪ್ರೀಮಿಯಂ ಕಡಿಮೆ ತೋರಿಸಲು ಕಾರಿನ ಬೆಲೆಯನ್ನೇ ಇಳಿಸಿ ಬರೆಯುವುದುಂಟು. ಅದು ಉಳಿತಾಯವಲ್ಲ.

ಹೀಗೆ ಉಳಿದದ್ದನ್ನು ಮನೆಗೆ ಹಾಕಿ. ಕಾರಿನ ಕಂಪನಿಯಲ್ಲೇ ಮಾಡಿಸಬೇಕೆಂಬ ನಿಯಮವೇನೂ ಇಲ್ಲ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಬಂದಿದೆ. ಮೂಲ ಷರತ್ತು ಎಲ್ಲ ಕಡೆ ಒಂದೇ, ದರ ಬೇರೆ ಬೇರೆ. ಹಾಗಾಗಿ ಹೋಲಿಸುವುದು ಸುಲಭ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗುಡ್ಡ ಕುಸಿತ ಎಲ್ಲ ಸೇರಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದನ್ನು ಕಂಡ ಮೇಲೆ ಗುಡ್ಡದ ಬುಡದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೆಲೆ ಬರೆಸುವಾಗ ಜಾಗದ ಬೆಲೆ ಸೇರಿಸಬೇಡಿ, ಮನೆ ಮತ್ತೆ ಕಟ್ಟಲು ತಗಲುವ ಖರ್ಚನ್ನಷ್ಟೇ ಹಾಕಿ. ಅದರ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಪಾತ್ರೆ ಪಗಡ, ಪೀಠೋಪಕರಣಕ್ಕೆ ತಾನಾಗಿ ಸೇರುತ್ತದೆ. ಆದರೆ ಕಳ್ಳರು ಬೀಗ ಒಡೆದು ಒಯ್ದರೆ ಇದರಲ್ಲಿ ಸಿಗದು. ಅದಕ್ಕೆ ಬೇರೆ ವಿಮೆ ಬೇಕು.

ಪಾಲಿಸಿ ಮುಗಿಯುವ ತಿಂಗಳು ಮೊದಲೇ ಎರಡು ಮೂರು ಕಡೆ ದರ ಕೇಳಿ, ಕಾರಿಗೆ ಬೇರೆ, ಮನೆಗೆ ಬೇರೆ. ಊಟಕ್ಕೆ ಎಲೆ ಹಾಕಿದ್ದಾರೆ. ಪಾಲಿಸಿ ತಂದವರು ಊಟವಾದ ಮೇಲೆ ತೋರಿಸಿ, ಕೂತು ನೋಡೋಣ.